ಇಂಗ್ಲಿಷ್ ಉಚ್ಚಾರಣೆಯಲ್ಲಿ ಮಾತೃಭಾಷೆಯ ಸಂಸ್ಕಾರ

೧

ಕನ್ನಡಿಗರು ಇಂಗ್ಲಿಷನ್ನಾಡುವಾಗ ಅವರ ಮಾತಿನಲ್ಲಿ ಕನ್ನಡದ ಛಾಯೆ ತೋರುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಛಾಯೆಯ ಸ್ವರೂಪವೆಂತಹುದು, ಅದು ಯಾವ ನಿಯಮವನ್ನನುಸರಿಸಿ ಬರುತ್ತದೆ, ಅದರಲ್ಲಿ ತಿದ್ದತಕ್ಕುದೆಷ್ಟು, ತಿದ್ದಬೇಕಾಗಿಲ್ಲದುದೆಷ್ಟು ಎಂಬ ವಿಚಾರವನ್ನು ಮಾಡದೆಯೇ ತೀರ್ಪು ಹೇಳುವವರು ಬಹುಮಂದಿ. ೨೦೦೦ನೆಯ ಇಸವಿಯ ಸುಮಾರಿನಿಂದ ಬೆಂಗಳೂರು ಮೊದಲಾದ ನಗರಗಳಲ್ಲಿ ದೂರವಾಣಿಯ ಮೂಲಕ ಹೊರದೇಶದ ಗಿರಾಕಿಗಳೊಡನೆ ಮಾತನಾಡುವ ಉದ್ಯೋಗಗಳು ಹೆಚ್ಚಿದ ಮೇಲೆ 'ಎಂ. ಟಿ. ಐ.' ಎಂಬ ಮೂರಕ್ಷರದ ಸಂಜ್ಞೆಯೊಂದು ರೂಢಿಗೆ ಬಂದಿದೆ. ಮಾತೃಭಾಷೆಯ ಪ್ರಭಾವವೆಂಬುದೇ ಇದರ ಅರ್ಥ. ಅಭ್ಯರ್ಥಿಯ ಮಾತಿನಲ್ಲಿ ಇದು ಕಂಡುಬಂದರೆ ವೈದ್ಯನು ರೋಗಲಕ್ಷಣವನ್ನು ಗುರುತಿಸುವಂತೆ ಗುರುತಿಸಿ, ಅವನಿಗೆ ಕೆಲಸವಿಲ್ಲವೆಂದು ಕಳುಹಿಸಿಬಿಡುವುದುಂಟು. ತಾಯಿಯಿಂದ ಬಂದ ನುಡಿಯ ಹೆಸರೇ ರೋಗದ ಹೆಸರಾಗಿರುವುದು ವಿಚಾರಮಾಡತಕ್ಕ ವಿಷಯ.

ಈ ಬಗ್ಗೆ ಪ್ರಚಲಿತವಾಗಿರುವ ಅಭಿಪ್ರಾಯಗಳು ಸ್ಥೂಲವಾಗಿ ಮೂರು. ಈ ಛಾಯೆಯು ನಾಲಗೆಯ ಆಲಸ್ಯದಿಂದಲೂ ಅಭ್ಯಾಸದ ಕೊರತೆಯಿಂದಲೂ ಬಂದ ದೋಷವೆಂಬುದು ಮೊದಲನೆಯದು. ಇದು ಬಿಡಿ ಧ್ವನಿಗಳಿಗೆ ಸಂಬಂಧಿಸಿದುದು, ಆದುದರಿಂದ ಫಕಾರ ಶಕಾರ ವಕಾರಾದಿಗಳನ್ನು ತಿದ್ದಿದರೆ ಉಚ್ಚಾರಣೆ ಸರಿಹೋಗುವುದೆಂಬುದು ಎರಡನೆಯದು. ನಮ್ಮ ಇಂಗ್ಲಿಷು ನಮ್ಮದು, ಅದರಲ್ಲಿ ಏನನ್ನೂ ತಿದ್ದಬೇಕಾಗಿಲ್ಲವೆಂಬುದು ಮೂರನೆಯದು. ಈ ಮೂರೂ ಪಕ್ಷಗಳು ಪರೀಕ್ಷೆಗೆ ನಿಲ್ಲವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಛಾಯೆಯ ಬಹುಭಾಗವು ದೋಷವಲ್ಲ, ಕನ್ನಡದ ವ್ಯಾಕರಣಕ್ಕೆ ಸಿದ್ಧವಾದ ನಿಯಮಗಳ ಕಾರ್ಯ. ಅರ್ಥಕ್ಕೆ ಹೆಚ್ಚಿನ ಹಾನಿಯನ್ನುಂಟುಮಾಡುವ ಭಾಗವು ಬಿಡಿ ಅಕ್ಷರಗಳಲ್ಲಿಲ್ಲ, ಪದದ ಆಘಾತದಲ್ಲಿದೆ. ತಿದ್ದುವವರು ಸಾಮಾನ್ಯವಾಗಿ ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟಿದ್ದಾರೆ. ಇದು ನಮ್ಮ ಸಿದ್ಧಾಂತ.

೨

ಮೊದಲು ಆಲಸ್ಯವಾದವನ್ನು ನೋಡೋಣ. ಪರಭಾಷೆಯ ಉಚ್ಚಾರಣೆಯಲ್ಲಿ ಸ್ವಭಾಷೆ ತಲೆಹಾಕುವುದು ಇಂಗ್ಲಿಷಿನಿಂದ ಆರಂಭವಾದುದಲ್ಲ. ಅಸುರರು 'ಅರಿ' ಶಬ್ದದ ರೇಫಕ್ಕೆ ಬದಲಾಗಿ ಲಕಾರವನ್ನು ನುಡಿದು ಪರಾಭವ ಹೊಂದಿದರೆಂಬ ಕಥೆ ಶತಪಥಬ್ರಾಹ್ಮಣದಲ್ಲಿ ಬಂದಿದೆ; ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಅದನ್ನು ವ್ಯಾಕರಣಾಧ್ಯಯನದ ಪ್ರಯೋಜನಕ್ಕೆ ಉದಾಹರಣೆಯಾಗಿ ತೆಗೆದುಕೊಂಡಿದ್ದಾನೆ. ಆದರೆ ರೇಫವು ಲಕಾರವಾಗುವುದು ಮಾಗಧೀ ಪ್ರಾಕೃತದ ಸಾಮಾನ್ಯ ಲಕ್ಷಣ. ಅಶೋಕನ ಪೂರ್ವದೇಶದ ಶಾಸನಗಳಲ್ಲಿ 'ರಾಜಾ' ಎಂಬುದು 'ಲಾಜಾ' ಎಂದೇ ಕೆತ್ತಲ್ಪಟ್ಟಿದೆ. ಒಂದು ಕಡೆ ಅಸುರರ ಅಪಶಬ್ದವಾದುದು ಇನ್ನೊಂದು ಕಡೆ ಚಕ್ರವರ್ತಿಯ ಶಾಸನಭಾಷೆಯಾಯಿತು. ನಾಲಗೆಯ ಆಲಸ್ಯವೆಂಬ ಕಾರಣವು ಇಲ್ಲಿ ಹೇಗೆ ಹೊಂದೀತು?

ಕ್ರಿ. ಶ. ೯೦೦ರ ಸುಮಾರಿನಲ್ಲಿದ್ದ ರಾಜಶೇಖರನು ಕಾವ್ಯಮೀಮಾಂಸೆಯ ಏಳನೆಯ ಅಧ್ಯಾಯದಲ್ಲಿ ನಾನಾ ದೇಶದವರು ಕಾವ್ಯವನ್ನು ಓದುವ ಕ್ರಮವನ್ನು ವರ್ಣಿಸಿದ್ದಾನೆ. ಕಾಶ್ಮೀರದವರು ಶಾರದೆಯ ಪ್ರಸಾದದಿಂದ ಸುಕವಿಗಳೇ ಆದರೂ ಅವರ ಪಠನವು ಕಿವಿಗೆ ಅಮೃತಬಳ್ಳಿಯ ಕಷಾಯವನ್ನು ಹೊಯ್ದಂತೆ ಎಂದು ಅವನ ಅಭಿಪ್ರಾಯ. ಕರ್ಣಾಟಕದವರನ್ನೂ ಅವನು ಬಿಟ್ಟಿಲ್ಲ. ರಸ, ರೀತಿ, ಗುಣಗಳು ಏನೇ ಇರಲಿ, ಇವರು ಗರ್ವದಿಂದ ಕೊನೆಯಲ್ಲಿ ಟಂಕಾರ ಹೊಮ್ಮುವಂತೆ ಓದುವರೆನ್ನುತ್ತಾನೆ. ಸಾವಿರದ ನೂರು ವರ್ಷಗಳ ಹಿಂದೆಯೇ ಕನ್ನಡಿಗರ ಸಂಸ್ಕೃತಪಠನದಲ್ಲಿ ಪರದೇಶದ ಕಿವಿಗೆ ತಿಳಿಯುವ ಗುರುತೊಂದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಉಚ್ಚಾರಣಶುದ್ಧಿಗಾಗಿ ಶಿಕ್ಷಾಶಾಸ್ತ್ರವನ್ನೇ ನಿರ್ಮಿಸಿಕೊಂಡ ಸಂಸ್ಕೃತಜ್ಞರೂ ಈ ಸಂಸ್ಕಾರದಿಂದ ಮುಕ್ತರಲ್ಲ. ಬಂಗಾಳದ ವಿದ್ವಾಂಸರು ವಕಾರಕ್ಕೆ ಬಕಾರವನ್ನು ಹೇಳುವರು; ಕೇರಳದಲ್ಲಿ 'ಉತ್ಸವ'ವು 'ಉಲ್ಸವ'ವಾಗಿ ಕೇಳಿಸುವುದು; 'ಜ್ಞ' ಎಂಬ ಸಂಯುಕ್ತಾಕ್ಷರವು ಮಹಾರಾಷ್ಟ್ರದಲ್ಲಿ 'ದ್ನ್ಯ' ಎಂದೂ ಹಿಂದೀ ಪ್ರಾಂತದಲ್ಲಿ 'ಗ್ಯ' ಎಂದೂ ನಮ್ಮಲ್ಲಿ 'ಗ್ನ' ಎಂಬುದಕ್ಕೆ ಸಮೀಪವಾಗಿಯೂ ನುಡಿಯಲ್ಪಡುವುದು. ಜೀವಮಾನವನ್ನೇ ಅಧ್ಯಯನದಲ್ಲಿ ಕಳೆದವರ ಗತಿಯೇ ಹೀಗಿರಲಾಗಿ, ದಿನಕ್ಕೊಂದು ಗಂಟೆ ಇಂಗ್ಲಿಷ್ ಪಾಠ ಕೇಳುವ ಹಳ್ಳಿಯ ಬಾಲಕನನ್ನು ಆಲಸಿಯೆನ್ನುವುದು ನ್ಯಾಯವಲ್ಲ.

ಆಧುನಿಕ ಭಾಷಾಶಾಸ್ತ್ರವೂ ಇದನ್ನೇ ಹೇಳುತ್ತದೆ. ೧೯೩೯ರಲ್ಲಿ ಪ್ರಕಟವಾದ ಧ್ವನಿಮಾವಿಚಾರದ ಗ್ರಂಥದಲ್ಲಿ ತ್ರುಬೆತ್ಸ್ಕೋಯ್ ಎಂಬ ವಿದ್ವಾಂಸನು ಮಾತೃಭಾಷೆಯ ಧ್ವನಿವ್ಯವಸ್ಥೆಯನ್ನು ಜರಡಿಗೆ ಹೋಲಿಸಿದನು. ಪರಭಾಷೆಯ ಮಾತೆಲ್ಲವೂ ಆ ಜರಡಿಯ ಮೂಲಕವೇ ನಮ್ಮೊಳಕ್ಕೆ ಬರುತ್ತದೆ. ಅಂದರೆ ದೋಷವಿದ್ದರೆ ಅದು ನಾಲಗೆಗಿಂತ ಮೊದಲು ಕಿವಿಯಲ್ಲಿದೆ. ೧೯೯೨ರಲ್ಲಿ ಪೆಟ್ರೀಷಿಯ ಕೂಲ್ ಮೊದಲಾದವರು ಅಮೆರಿಕದ ಮತ್ತು ಸ್ವೀಡನ್ನಿನ ಶಿಶುಗಳನ್ನು ಪರೀಕ್ಷಿಸಿ, ಆರು ತಿಂಗಳ ವಯಸ್ಸಿನಲ್ಲಿಯೇ ಸ್ವರಗಳ ಗ್ರಹಣದಲ್ಲಿ ಮಾತೃಭಾಷೆಯ ಸಂಸ್ಕಾರ ನೆಲೆಗೊಂಡಿರುವುದನ್ನು ಕಂಡರು. ತೊದಲುವುದಕ್ಕೂ ಮುಂಚೆ ಬಂದ ಸಂಸ್ಕಾರವನ್ನು ಆಲಸ್ಯವೆಂದು ಕರೆಯಲು ಬರುವುದಿಲ್ಲ.

೩

ಇನ್ನು ಈ ಸಂಸ್ಕಾರವು ನಿಯಮಬದ್ಧವೆಂಬುದನ್ನು ತೋರಿಸಬೇಕು. ಕನ್ನಡಿಗನ ಇಂಗ್ಲಿಷಿನಲ್ಲಿ ಎಲ್ಲರೂ ಮೊದಲು ಹಾಸ್ಯಮಾಡುವುದು ಪದಾಂತ್ಯದ ಉಕಾರವನ್ನು. 'ಬಸ್' ಎಂಬುದು 'ಬಸ್ಸು', 'ಕಾರ್' ಎಂಬುದು 'ಕಾರು'. ಆದರೆ ಒಂದರಲ್ಲಿ ವ್ಯಂಜನಕ್ಕೆ ದ್ವಿತ್ವ ಬಂದು ಇನ್ನೊಂದರಲ್ಲಿ ಬಾರದಿರುವುದೇಕೆ? 'ಪೆನ್ನು', 'ಕಪ್ಪು'. 'ರೈಲು', 'ರೋಡು', 'ಲೈಟು', 'ಬೆಂಚು'. ಹ್ರಸ್ವಸ್ವರದ ಮುಂದೆ ಒಂಟಿ ವ್ಯಂಜನವಿದ್ದರೆ ದ್ವಿತ್ವ; ದೀರ್ಘವಾಗಲಿ ಸಂಯುಕ್ತವಾಗಲಿ ಇದ್ದರೆ ಇಲ್ಲ. ಈಗ ಹಳಗನ್ನಡವು ಹೊಸಗನ್ನಡವಾದ ಬಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಲ್, ಕಣ್, ಪೆಣ್ ಎಂಬವು ಕಲ್ಲು, ಕಣ್ಣು, ಹೆಣ್ಣು ಎಂದಾದುವು. ಪಾಲ್, ಮೀನ್, ಬೇರ್ ಎಂಬವು ಹಾಲು, ಮೀನು, ಬೇರು ಎಂದಾದುವು. ಕಲ್ಲು ಹೇಗೋ ಬಸ್ಸು ಹಾಗೆ. ಬೇರು ಹೇಗೋ ಕಾರು ಹಾಗೆ. ಬಸ್ಸನ್ನೇರಿದ ಮೊದಲ ಕನ್ನಡಿಗನಿಗೆ ಈ ಸೂತ್ರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡಕ್ಷರದ ಪದಗಳಲ್ಲಿ ನಿಯಮ ತಪ್ಪುತ್ತದೆಯಲ್ಲವೆ ಎಂದು ಆಕ್ಷೇಪಿಸಬಹುದು. 'ನಂಬರು', 'ಹೋಟೆಲು' ಎಂಬಲ್ಲಿ ದ್ವಿತ್ವವಿಲ್ಲ. 'ಟಿಕೆಟ್ಟು', 'ಬಜೆಟ್ಟು' ಎಂಬಲ್ಲಿ ಉಂಟು. ಇದಕ್ಕೂ ಸಮಾಧಾನವಿದೆ. ಪೆಸರ್, ಬೆರಲ್ ಎಂಬವು ಹೆಸರು, ಬೆರಳು ಎಂದು ದ್ವಿತ್ವವಿಲ್ಲದೆಯೇ ಉಕಾರಾಂತವಾದುವು. ನಂಬರು, ಹೋಟೆಲು ಆ ದಾರಿಯಲ್ಲಿ ಹೋದುವು. ಸ್ಪರ್ಶವ್ಯಂಜನಾಂತವಾದ ಪದಗಳು ಹಳಗನ್ನಡದ ದೇಶ್ಯದಲ್ಲಿಲ್ಲ; ಅವು ಸಂಸ್ಕೃತದಿಂದ ಬಂದವು. ಸಂಪತ್, ವಿಪತ್, ವಿದ್ಯುತ್ ಎಂಬವು ಸಂಪತ್ತು, ವಿಪತ್ತು, ವಿದ್ಯುತ್ತು ಎಂದಾದುವು. ಟಿಕೆಟ್ಟು ಆ ಸಾಲಿಗೆ ಸೇರಿತು. ಹೀಗೆ ಅಪವಾದವೆಂದು ತೋರಿದುದೂ ಇನ್ನೊಂದು ಉತ್ಸರ್ಗದ ಒಳಗೇ ಬಿತ್ತು.

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ತದ್ಭವಗಳ ವ್ಯತ್ಯಾಸಗಳನ್ನು ಕ್ರಮವಾಗಿ ಹೇಳಿದ್ದಾನೆ. ಶಕಾರವು ಸಕಾರವಾಗುವುದು, ಮಹಾಪ್ರಾಣವು ಅಲ್ಪಪ್ರಾಣವಾಗುವುದು, ಸಂಯುಕ್ತಾಕ್ಷರವು ಬಿಡಿಸಿಕೊಳ್ಳುವುದು ಇವೇ ಮುಖ್ಯವಾದವು. ಶಶಿ ಸಸಿಯಾದಂತೆ 'ಶರ್ಟು' 'ಸರ್ಟು' ಆಗುತ್ತದೆ. ಧ್ವನಿ ದನಿಯಾದಂತೆ 'ಆಫೀಸು' 'ಆಪೀಸು' ಆಗುತ್ತದೆ. ರತ್ನವು ರತುನವಾದಂತೆ, ವರ್ಷವು ವರುಷವಾದಂತೆ 'ಫಿಲ್ಮ್' ಎಂಬುದು 'ಫಿಲಮ್ಮು' ಆಗುತ್ತದೆ. ಸ್ಥಾನವು ತಾಣವಾದಂತೆ 'ಸ್ಟೇಷನ್' 'ಟೇಸನ್ನು' ಆಗುತ್ತದೆ. ತಾಣದಂತಹ ಹಲವು ರೂಪಗಳು ಪ್ರಾಕೃತದ ಮೂಲಕ ಬಂದವಾದುದರಿಂದ ಅವನ್ನು ಕನ್ನಡದ್ದೇ ನಿಯಮವೆನ್ನಲಾಗದೆಂಬ ಮಾತು ಸರಿ. ಆದುದರಿಂದಲೇ ಮೇಲೆ ಕಲ್ಲು-ಬೇರುಗಳ ಪ್ರಮಾಣವನ್ನು ಮೊದಲು ಕೊಟ್ಟದ್ದು. ಏನೇ ಆಗಲಿ, ಸಸಿ, ದನಿ, ರತುನಗಳನ್ನು ಕಾವ್ಯದಲ್ಲಿ ಕಂಡು ದೇಸಿಯ ಮಾಧುರ್ಯವೆಂದು ಕೊಂಡಾಡುವ ನಾವು 'ಆಪೀಸು', 'ಟೇಸನ್ನು'ಗಳನ್ನು ಕೇಳಿ ನಗುವುದು ಒಂದೇ ತಕ್ಕಡಿಯಲ್ಲಿ ತೂಗುವುದಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡ ವಾಕ್ಯದೊಳಗೆ ಬರುವ 'ಬಸ್ಸು' ಇಂಗ್ಲಿಷ್ ಪದವೇ ಅಲ್ಲ; ಅದು ವಿಭಕ್ತಿಪ್ರತ್ಯಯಗಳನ್ನು ಹೊಂದಿ 'ಬಸ್ಸಿನಲ್ಲಿ', 'ಬಸ್ಸಿಗೆ' ಎಂದು ನಡೆಯುವ ಕನ್ನಡದ ನಾಮಪದ. ಅದನ್ನು ತಿದ್ದುವ ಅಧಿಕಾರ ಇಂಗ್ಲಿಷ್ ಉಪಾಧ್ಯಾಯನಿಗಿಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಅದೇ ಉಕಾರ ಉಳಿದುಬಂದಾಗ ಮಾತ್ರ ಅದು ಉಚ್ಚಾರಣೆಯ ಪ್ರಶ್ನೆಯಾಗುತ್ತದೆ. ಹಾಸ್ಯಮಾಡುವವರು ಈ ಎರಡನ್ನೂ ಒಂದೇ ಎಂದು ಭಾವಿಸುತ್ತಾರೆ.

೪

ಬಿಡಿ ಧ್ವನಿಗಳ ವಿಚಾರಕ್ಕೆ ಬರೋಣ. ಇಂಗ್ಲಿಷಿನ 'ಟೇಬಲ್' ಎಂಬುದರ ಮೊದಲ ವ್ಯಂಜನವು ನಮ್ಮ ಟಕಾರವಲ್ಲ, ತಕಾರವೂ ಅಲ್ಲ. ನಾಲಗೆಯ ತುದಿಯು ಮೇಲಣ ಹಲ್ಲುಗಳ ಬುಡದಲ್ಲಿರುವ ದಿಣ್ಣೆಯನ್ನು ಮುಟ್ಟುವುದರಿಂದ ಅದು ಹುಟ್ಟುತ್ತದೆ. ದಂತ್ಯಕ್ಕೂ ಮೂರ್ಧನ್ಯಕ್ಕೂ ನಡುವೆ ನಿಂತ ಈ ಧ್ವನಿಯನ್ನು ಕನ್ನಡಿಗನ ಕಿವಿ ಟವರ್ಗಕ್ಕೆ ಸೇರಿಸಿಬಿಟ್ಟಿದೆ. ಇದೇ ಜರಡಿ ಆಂಗ್ಲರ ಕಡೆಯಿಂದಲೂ ಉಂಟು: 'ಕತ್ತು' ಮತ್ತು 'ಕಟ್ಟು' ಎಂಬೆರಡು ಮಾತುಗಳ ಅಂತರವು ಕನ್ನಡ ಕಲಿಯುವ ಆಂಗ್ಲಭಾಷಿಕನಿಗೆ ಬಹುಕಾಲ ಹಿಡಿಯದು. ವಕಾರದ ವಿಷಯವೂ ಹೀಗೆಯೇ. ಇಂಗ್ಲಿಷಿನಲ್ಲಿ ತುಟಿಗಳನ್ನು ದುಂಡಗೆ ಮಾಡಿ ಹೇಳುವುದೊಂದು, ಕೆಳತುಟಿಗೆ ಹಲ್ಲನ್ನು ಒತ್ತಿ ಉಜ್ಜಿ ಹೇಳುವುದೊಂದು, ಎರಡು ಧ್ವನಿಗಳುಂಟು. ನಮ್ಮದು ಎರಡರ ನಡುವಣ ಒಂದೇ ವಕಾರ. ಆದುದರಿಂದ ಪಶ್ಚಿಮ ದಿಕ್ಕಿನ ಹೆಸರಿಗೂ ಒಳಂಗಿಯ ಹೆಸರಿಗೂ ನಮ್ಮಲ್ಲಿ 'ವೆಸ್ಟ್' ಎಂಬ ಒಂದೇ ಉಚ್ಚಾರಣೆ.

ಆದರೆ ಎಲ್ಲವನ್ನೂ ಮಾತೃಭಾಷೆಯ ತಲೆಗೆ ಕಟ್ಟುವುದು ವಿಮರ್ಶೆಯಾಗದು. ಲಿಪಿಯ ಸಂಸ್ಕಾರವೆಂಬುದು ಬೇರೆಯೇ ಉಂಟು. 'ಪಿನ್' ಎಂಬ ಪದದ ಮೊದಲ ಪಕಾರವನ್ನು ಆಂಗ್ಲರು ಉಸಿರನ್ನು ಹೊರಸೂಸಿ ಬಹುಮಟ್ಟಿಗೆ ಮಹಾಪ್ರಾಣವಾಗಿಯೇ ನುಡಿಯುವರು. ನಾವು ಅಲ್ಪಪ್ರಾಣವಾಗಿ ನುಡಿದರೆ ಅವರ ಕಿವಿಗೆ ಅದು 'ಬಿನ್' ಎಂದು ಕೇಳಿಸುವ ಸಂಭವವುಂಟು. ಸಂಸ್ಕೃತವನ್ನೋದಿ ಮಹಾಪ್ರಾಣವನ್ನು ಚೆನ್ನಾಗಿ ಬಲ್ಲವನೂ ಇಲ್ಲಿ ಅದನ್ನು ಬಳಸುವುದಿಲ್ಲ. ಏಕೆಂದರೆ ಅವನು ಇಂಗ್ಲಿಷನ್ನು ಕಲಿತದ್ದು ಕಿವಿಯಿಂದಲ್ಲ, ಇಂಗ್ಲಿಷಿನ ಈ ಅಕ್ಷರಕ್ಕೆ ಕನ್ನಡದ ಈ ಅಕ್ಷರವೆಂಬ ಪಟ್ಟಿಯಿಂದ. ಬರೆದಂತೆ ಓದುವುದು ಕನ್ನಡದಲ್ಲಿ ಗುಣ. ಇಂಗ್ಲಿಷಿನಲ್ಲಿ ಅದೇ ಗುಣವು 'ವೆಡ್ನೆಸ್‌ಡೇ' ಎಂಬ ಉಚ್ಚಾರಣೆಯನ್ನು ಹುಟ್ಟಿಸುತ್ತದೆ. ಇವಲ್ಲದೆ ಉಪಾಧ್ಯಾಯಪರಂಪರೆಯೆಂಬ ಮೂರನೆಯ ಕಾರಣವೂ ಉಂಟು: ಕನ್ನಡಿಗನಿಂದಲೇ ಕಲಿತ ಕನ್ನಡಿಗನಿಂದ ಕಲಿತವನಿಗೆ ಅದೇ ಪಾಠ ಸಂಪ್ರದಾಯಶುದ್ಧವಾಗಿ ಬರುತ್ತದೆ.

ಮಾತೃಭಾಷೆಯೆಂದಾಗ ಯಾವ ಕನ್ನಡವೆಂಬುದನ್ನೂ ಕೇಳಬೇಕು. ಹಕಾರ ಲೋಪವಾಗುವ ಸೀಮೆಯವನು 'ಓಟ್ಲು' ಎನ್ನುತ್ತಾನೆ. ಗ್ರಂಥಸ್ಥಭಾಷೆಯನ್ನಾಡುವವನು 'ಹೋಟೆಲು' ಎನ್ನುತ್ತಾನೆ. ಆದರೆ ಗ್ರಾಮ್ಯವೆಲ್ಲವೂ ನಷ್ಟವೇ ಎಂದು ತಿಳಿಯಬಾರದು. ಇಂಗ್ಲಿಷಿನ 'ಬ್ಯಾಟ್', 'ಬ್ಯಾಂಕ್' ಮುಂತಾದುವುಗಳಲ್ಲಿ ಎಕಾರಕ್ಕೂ ಆಕಾರಕ್ಕೂ ನಡುವಣ ಒಂದು ಸ್ವರವುಂಟು. ಬರೆವಣಿಗೆಯ ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಯಕಾರವನ್ನು ಸೇರಿಸಿ ಹೇಗೋ ಸೂಚಿಸುತ್ತೇವೆ. ಆದರೆ 'ಮೇಲೆ' ಎಂಬುದನ್ನು 'ಮ್ಯಾಲೆ' ಎಂದೂ 'ಬೇಡ' ಎಂಬುದನ್ನು 'ಬ್ಯಾಡ' ಎಂದೂ ಆಡುವ ಮಗುವಿನ ಬಾಯಲ್ಲಿ ಆ ಸ್ವರಕ್ಕೆ ತೀರ ಹತ್ತಿರದ್ದು ಆಗಲೇ ಇದೆ; ನಮ್ಮದು ದೀರ್ಘ, ಅವರದು ಅಷ್ಟು ದೀರ್ಘವಲ್ಲ, ಅಷ್ಟೆ ಭೇದ. ಕನ್ನಡದ ಪಾಠದಲ್ಲಿ 'ಮ್ಯಾಲೆ ಎನ್ನಬೇಡ' ಎಂದು ಗದರಿಸಿ, ಮುಂದಿನ ಗಂಟೆಯಲ್ಲಿ ಇಂಗ್ಲಿಷ್ ಪಾಠಕ್ಕಾಗಿ ಅದೇ ಸ್ವರವನ್ನು ಹೊಸದಾಗಿ ಕಲಿಸಲು ಹೆಣಗುವುದು, ಮನೆಯಲ್ಲಿರುವ ಬೆಣ್ಣೆಯನ್ನು ಚೆಲ್ಲಿ ತುಪ್ಪಕ್ಕಾಗಿ ಊರೆಲ್ಲ ಅಲೆದಂತೆ.

೫

ಇಷ್ಟಾದರೂ ಮೇಲೆ ಹೇಳಿದ ಧ್ವನಿಭೇದಗಳಿಂದ ಮಾತು ತಿಳಿಯದೆ ಹೋಗುವುದು ಅಪೂರ್ವ. ಪ್ರಕರಣವು ಅರ್ಥವನ್ನು ಕಾಪಾಡುತ್ತದೆ. ಸೂರ್ಯನು ಮುಳುಗುವುದು ಒಳಂಗಿಯಲ್ಲೆಂದು ಯಾರೂ ತಿಳಿಯುವುದಿಲ್ಲ. ೧೯೯೫ರಲ್ಲಿ ಕೆನಡಾದ ಮನ್ರೋ ಮತ್ತು ಡರ್ವಿಂಗ್ ಎಂಬಿಬ್ಬರು ಚೀನೀ ಮಾತೃಭಾಷೆಯವರ ಇಂಗ್ಲಿಷನ್ನು ಪರೀಕ್ಷಿಸಿ, ಪರಭಾಷೆಯ ಛಾಯೆ ಬಲವಾಗಿದ್ದರೂ ಕೇಳುವವರಿಗೆ ಮಾತು ಪೂರ್ತಿಯಾಗಿ ತಿಳಿಯಬಹುದೆಂದು ತೋರಿಸಿದರು. ಛಾಯೆಯೇ ಬೇರೆ, ದುರ್ಬೋಧತೆಯೇ ಬೇರೆ.

ಹಾಗಾದರೆ ದುರ್ಬೋಧತೆ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರವನ್ನು ವೈದಿಕರು ಸುಲಭವಾಗಿ ಗ್ರಹಿಸಬಲ್ಲರು. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಮಾಡಿದ ಹೋಮದಲ್ಲಿ 'ಇಂದ್ರಶತ್ರು' ಎಂಬ ಪದದ ಸ್ವರ ತಪ್ಪಿತು. ಅಂತೋದಾತ್ತವಾಗಿದ್ದರೆ ತತ್ಪುರುಷ, ಇಂದ್ರನನ್ನು ಕೊಲ್ಲುವವನು. ಆದ್ಯುದಾತ್ತವಾದುದರಿಂದ ಬಹುವ್ರೀಹಿಯಾಗಿ, ಇಂದ್ರನೇ ಕೊಲ್ಲುವವನಾಗಿ ಉಳ್ಳವನು ಎಂದಾಯಿತು. ಅಕ್ಷರವೊಂದೂ ತಪ್ಪದೆ ಅರ್ಥವು ತಲೆಕೆಳಗಾಯಿತು. ಇಂಗ್ಲಿಷಿನ ವ್ಯವಸ್ಥೆ ಇದಕ್ಕೆ ಆಶ್ಚರ್ಯಕರವಾಗಿ ಸದೃಶವಾಗಿದೆ. 'ಬ್ಲ್ಯಾಕ್ ಬೋರ್ಡ್' ಎಂಬಲ್ಲಿ ಆಘಾತವು ಪೂರ್ವಪದದ ಮೇಲೆ ಮಾತ್ರ ಬಿದ್ದರೆ ಸಮಾಸ, ಶಾಲೆಯ ಬರೆಯುವ ಹಲಗೆ. ಉತ್ತರಪದದ ಮೇಲೂ ಬಲವಾಗಿ ಬಿದ್ದರೆ ವ್ಯಸ್ತಪದಗಳು, ಕರಿಯ ಬಣ್ಣದ ಯಾವುದೋ ಹಲಗೆ. 'ಇಂಪೋರ್ಟ್' ಎಂಬುದರಲ್ಲಿ ಆಘಾತ ಮೊದಲಿಗಿದ್ದರೆ ನಾಮ, ಕೊನೆಗಿದ್ದರೆ ಕ್ರಿಯೆ. 'ಫೋಟೋಗ್ರಾಫ್' ಎಂಬುದಕ್ಕೆ ಆಘಾತ ಮೊದಲನೆಯ ಅಕ್ಷರದಲ್ಲಿ. ಆ ಕಲೆಯ ಹೆಸರಿನಲ್ಲಿ ಎರಡನೆಯದರಲ್ಲಿ. ಅದರ ವಿಶೇಷಣದಲ್ಲಿ ಮೂರನೆಯದರಲ್ಲಿ. ವೇದದ ಉದಾತ್ತವು ಶ್ರುತಿಯ ಏರಿಕೆ. ಇಂಗ್ಲಿಷಿನ ಆಘಾತದಲ್ಲಿ ಬಲ, ಕಾಲ, ಶ್ರುತಿ ಮೂರೂ ಕೂಡಿವೆ. ಈ ಭೇದವನ್ನು ಮರೆಯಬಾರದು. ಆದರೂ ಪದದ ಅರ್ಥವನ್ನು ನಿರ್ಣಯಿಸುವ ಕಾರ್ಯದಲ್ಲಿ ಎರಡೂ ಸಮಾನ.

ಕನ್ನಡದಲ್ಲಿ ಪದದ ಅರ್ಥವು ಆಘಾತದಿಂದ ಬದಲಾಗುವುದಿಲ್ಲ. ಆದುದರಿಂದ ಕನ್ನಡಿಗನ ಜರಡಿಯಲ್ಲಿ ಆಘಾತವು ನಿಲ್ಲದೆ ಸೋರಿಹೋಗುತ್ತದೆ. ಅವನು ಎಲ್ಲ ಸ್ವರಗಳನ್ನೂ ಪೂರ್ಣವಾಗಿ ಸಮವಾಗಿ ನುಡಿಯುವನು. ಇಂಗ್ಲಿಷಿನವನಾದರೋ ಆಘಾತವಿಲ್ಲದ ಸ್ವರವನ್ನು ಬಹುಪಾಲು ಸವೆಸಿಬಿಡುವನು. ಕೇಳುವಾಗಲೂ ಆಘಾತವಿದ್ದಲ್ಲಿ ಕಿವಿಯಿಟ್ಟು ಪದವನ್ನು ಗುರುತಿಸುವನು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ ೧೯೬೯ರಲ್ಲಿ ಪ್ರಕಟವಾದ, ಭಾರತೀಯರ ಇಂಗ್ಲಿಷಿನ ಸುಬೋಧತೆಯನ್ನು ಕುರಿತ ಗ್ರಂಥದಲ್ಲಿ ಆರ್. ಕೆ. ಬನ್ಸಲ್ ಅವರು ಪದಗಳ ಆಘಾತ ತಪ್ಪುವುದನ್ನು ದುರ್ಬೋಧತೆಯ ಮುಖ್ಯಕಾರಣಗಳಲ್ಲಿ ಒಂದಾಗಿ ಎಣಿಸಿದ್ದಾರೆ.

ಇದಕ್ಕೆ ಒಂದು ಪ್ರಬಲವಾದ ಪೂರ್ವಪಕ್ಷವುಂಟು. ಜೆನಿಫರ್ ಜೆಂಕಿನ್ಸ್ ಎಂಬ ವಿದುಷಿಯು ೨೦೦೦ನೆಯ ಇಸವಿಯ ತನ್ನ ಗ್ರಂಥದಲ್ಲಿ, ಇಂಗ್ಲಿಷು ಮಾತೃಭಾಷೆಯಲ್ಲದವರು ತಮ್ಮತಮ್ಮಲ್ಲಿ 'ಮಾತನಾಡುವಾಗ ಯಾವ ಅಂಶಗಳು ಅತ್ಯವಶ್ಯವೆಂದು ವಿವೇಚಿಸಿ, ವಾಕ್ಯದ ಪ್ರಧಾನಾಘಾತವನ್ನು ಉಳಿಸಿಕೊಂಡು, ಪದಗಳ ಆಘಾತಸ್ಥಾನವನ್ನು ಬಿಟ್ಟುಬಿಟ್ಟಿದ್ದಾಳೆ. ಕನ್ನಡಿಗನು ಜಪಾನಿನವನೊಡನೆ ಮಾತನಾಡುವಾಗ ಈ ಮಾತಿಗೆ ಬಲವುಂಟೆಂದು ಒಪ್ಪಬೇಕು. ಆದರೆ ವಾಕ್ಯದ ಆಘಾತವು ಆಕಾಶದಲ್ಲಿ ನಿಲ್ಲದು. ಯಾವುದೋ ಒಂದು ಪದದ ಯಾವುದೋ ಒಂದು ಅಕ್ಷರದ ಮೇಲೆ ಬೀಳಬೇಕು. ಯಾವ ಅಕ್ಷರವೆಂಬುದನ್ನು ಕಲಿಯದವನು ಪ್ರಧಾನಾಘಾತವನ್ನು ಎಲ್ಲಿಡುವನು? ಆದುದರಿಂದ ಅವಳು ಉಳಿಸಿಕೊಂಡುದು ನಿಲ್ಲಬೇಕಾದರೆ ಬಿಟ್ಟುದನ್ನೂ ಸ್ವಲ್ಪಮಟ್ಟಿಗೆ ಅಂಗೀಕರಿಸಬೇಕಾಗುತ್ತದೆ.

ಏನನ್ನೂ ತಿದ್ದಬೇಕಾಗಿಲ್ಲವೆಂಬ ಮೂರನೆಯ ಪಕ್ಷಕ್ಕೂ ಇಲ್ಲಿಯೇ ಉತ್ತರ ಸಿಕ್ಕಿತು. ನಮ್ಮ ಛಾಯೆ ನಮ್ಮದೆಂಬುದು ನಿಜ. ಆದರೆ ಮಾತಿನ ಪ್ರಯೋಜನವು ಇನ್ನೊಬ್ಬರಿಗೆ ತಿಳಿಯುವುದು. ತಿಳಿಯದಂತೆ ಆಡುವ ಸ್ವಾತಂತ್ರ್ಯವು ಸ್ವಾಭಿಮಾನವೆನಿಸದು.

೬

ಮೇಲಿನ ವಿಚಾರದಿಂದ ಫಲಿಸುವ ಕರ್ತವ್ಯಗಳು ಕೆಲವು. ಮೊದಲನೆಯದಾಗಿ, ಉಚ್ಚಾರಣೆಯನ್ನು ಅಕ್ಷರಕ್ಕಿಂತ ಮುಂಚೆ ಕಿವಿಯಿಂದ ಕಲಿಸಬೇಕು. ವೇದಪಾಠಶಾಲೆಯಲ್ಲಿ ಗುರುವು ಸಂಥೆ ಹೇಳಿಕೊಡುವಾಗ ಶಿಷ್ಯನ ಮುಂದೆ ಗ್ರಂಥವಿರುವುದಿಲ್ಲ. ಗುರುವು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಸಲ ಸ್ವರಸಹಿತವಾಗಿ ಹೇಳುವನು. ಧ್ವನಿಮುದ್ರಿಕೆಗಳು ಸುಲಭವಾಗಿ ದೊರೆಯುವ ಈ ಕಾಲದಲ್ಲಿ ಈ ಕ್ರಮವು ಹಳ್ಳಿಯ ಶಾಲೆಗೂ ಅಸಾಧ್ಯವಲ್ಲ. ಎರಡನೆಯದಾಗಿ, ಇಂಗ್ಲಿಷ್ ಪದಗಳನ್ನು ಕನ್ನಡಲಿಪಿಯಲ್ಲಿ ಬರೆದು ತೋರಿಸುವ ಕೈಪಿಡಿಗಳು ಅಕ್ಷರಗಳನ್ನು ಮಾತ್ರ ಕೊಟ್ಟು ಆಘಾತವನ್ನು ಸೂಚಿಸದೆ ಬಿಟ್ಟರೆ ಅರ್ಧವನ್ನೇ ಕೊಟ್ಟಂತಾಯಿತು. ವೇದದ ಪುಸ್ತಕಗಳಲ್ಲಿ ಸ್ವರಚಿಹ್ನೆಯಾಗಿ ಅಕ್ಷರದ ಮೇಲೂ ಕೆಳಗೂ ಗೆರೆಯೆಳೆಯುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಆಘಾತವುಳ್ಳ ಅಕ್ಷರದ ಮೇಲೊಂದು ಗೆರೆಯನ್ನು ಹಾಕಲು ಮುದ್ರಣಾಲಯಕ್ಕೆ ಹೊಸ ವಿದ್ಯೆ ಬೇಡ. ಮೂರನೆಯದಾಗಿ, ಆಘಾತವಿಲ್ಲದ ಸ್ವರವು ಸವೆಯುವುದನ್ನು ಕನ್ನಡದ ಆಡುಮಾತಿನಿಂದಲೇ ತೋರಿಸಬಹುದು. 'ಕೆಲಸ' ಎಂದು ಓದುವವನು 'ಕೆಲ್ಸ' ಎಂದು ಆಡುತ್ತಾನೆ. ಅವನ ಇಂಗ್ಲಿಷು ಪೆಡಸಾಗಿರುವುದು ಅವನು ಅದನ್ನು ಓದುವ ಧಾಟಿಯಲ್ಲಿ ನುಡಿಯುವುದರಿಂದ. ಆಡುವ ಧಾಟಿಯೂ ಅವನ ಬಾಯಲ್ಲಿಯೇ ಇದೆಯೆಂದು ತಿಳಿಸಿದರೆ ದಾರಿ ಅರ್ಧ ಸಾಗಿದಂತೆ.

ಉಳಿದುದನ್ನು ಬಿಟ್ಟುಬಿಡಬಹುದು. ಟಕಾರವು ಸ್ವಲ್ಪ ಮೂರ್ಧಕ್ಕೆ ಹೋದರೆ, ವಕಾರಗಳೆರಡೂ ಒಂದಾದರೆ, ಶಕಾರವು ಎಂದೋ ಒಮ್ಮೆ ಸಕಾರವಾದರೆ, ಅದಕ್ಕಾಗಿ ತುಂಬಿದ ತರಗತಿಯಲ್ಲಿ ಮಗುವನ್ನು ನಿಲ್ಲಿಸಿ ನಗೆಗೀಡುಮಾಡುವುದರಿಂದ ಶಕಾರವು ಬರುವುದಿಲ್ಲ. ಬರುವ ಮಾತೂ ನಿಂತುಹೋಗುತ್ತದೆ. ಉದ್ಯೋಗ ಕೊಡುವವರು ಕೇಳಬೇಕಾದ ಪ್ರಶ್ನೆ ಮಾತೃಭಾಷೆಯ ಛಾಯೆಯುಂಟೆ ಎಂಬುದಲ್ಲ, ಮಾತು ತಿಳಿಯುತ್ತದೆಯೆ ಎಂಬುದು. ಛಾಯೆಯಿಲ್ಲದ ಉಚ್ಚಾರಣೆ ಜಗತ್ತಿನಲ್ಲಿಲ್ಲ. ಲಂಡನ್ನಿನವನ ಇಂಗ್ಲಿಷಿನಲ್ಲಿಯೂ ಅವನ ಬೀದಿಯ ಛಾಯೆಯುಂಟು. ಕನ್ನಡದ ಜರಡಿಯಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಸೋರುತ್ತದೆ ಎಂಬುದನ್ನು ಅರಿತ ಉಪಾಧ್ಯಾಯನು ಸೋರಿದುದನ್ನು ಮಾತ್ರ ಕಲಿಸಿದರೆ ಸಾಕು. ಅದಕ್ಕೆ ಅವನು ಇಂಗ್ಲಿಷನ್ನು ಬಲ್ಲಷ್ಟೇ ಕನ್ನಡವನ್ನೂ ಶಾಸ್ತ್ರತಃ ಬಲ್ಲವನಾಗಿರಬೇಕು. ಇಂಗ್ಲಿಷ್ ಉಪಾಧ್ಯಾಯರ ಶಿಕ್ಷಣದಲ್ಲಿ ಕನ್ನಡದ ಧ್ವನಿವಿಚಾರಕ್ಕೂ ವ್ಯಾಕರಣಕ್ಕೂ ನಿಯತವಾದ ಸ್ಥಾನವಿರಬೇಕೆಂಬುದೇ ಈ ವಿಮರ್ಶೆಯ ಫಲಿತಾರ್ಥ.